1973ರ ಸ್ಟಾರ್ ಟ್ರೆಕ್ ಕಾರ್ಟೂನ್ ಮತ್ತೆ ಪೂರ್ತಿ ನೋಡಿದೆ, ಬರೀಲೇಬೇಕು ಅನ್ಸ್ತು

ಸ್ಟಾರ್ ಟ್ರೆಕ್ ಅಂದ್ರೆ ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗಿನವರ ಕಥೆ ಹೇಳೋ ಅಮೆರಿಕದ ಟಿವಿ ಸೀರೀಸ್. ಅದನ್ನ ಇಷ್ಟಪಡೋರಲ್ಲೂ ಎಷ್ಟೋ ಜನಕ್ಕೆ ಅದರದ್ದೊಂದು ಕಾರ್ಟೂನ್ ಸೀರೀಸ್ ಇತ್ತು ಅನ್ನೋದೇ ಗೊತ್ತಿಲ್ಲ, ಗೊತ್ತಿರೋರು ಕೂಡ "ಓ ಅದಾ, ಎಲ್ಲರೂ ನಿಂತಲ್ಲೇ ನಿಂತ್ಕೊಂಡು ಬರೀ ಬಾಯಿ ಆಡಿಸ್ತಾರಲ್ಲ" ಅಂದು ಸುಮ್ಮನಾಗ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತೆ. ಯಾಕಂದ್ರೆ ಅದು ಸುಳ್ಳಲ್ಲ, ನಿಜವಾಗ್ಲೂ ಬಾಯಿ ಮಾತ್ರ ಆಡೋ ಶಾಟ್‌ಗಳು ಅದರಲ್ಲಿ ಬೇಕಾದಷ್ಟಿವೆ, ಆದ್ರೆ ಆ ಬಾಯಿಂದ ಏನ್ ಮಾತು ಬರ್ತಿದೆ ಅನ್ನೋದನ್ನ ಯಾರೂ ಹೇಳೋದೇ ಇಲ್ಲ. ಸ್ಟೂಡೆಂಟ್ ಆಗಿದ್ದಾಗ ಎಲ್ಲೋ ಸಿಕ್ಕ ಮಸುಕು ಮಸುಕಾದ ಕಾಪಿಯಲ್ಲಿ ಇದನ್ನ ನೋಡಿದ್ದೆ, ಈಗ ಒಳ್ಳೆ ಪ್ರಿಂಟ್‌ನಲ್ಲಿ ಮೊದಲಿಂದ ಕೊನೆವರೆಗೂ ನೋಡಿದೀನಿ, ಕೆಲವನ್ನ ಎರಡೆರಡು ಸಲ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಇದು ಯಾವ ಜಾಗದಲ್ಲಿ ಹುಟ್ಟಿದ್ದು ಅಂತ ಹೇಳ್ಬಿಡ್ತೀನಿ. ಅಮೆರಿಕದಲ್ಲಿ ಆಗ ಮೂರು ದೊಡ್ಡ ಟಿವಿ ನೆಟ್‌ವರ್ಕ್, ಎಬಿಸಿ, ಸಿಬಿಎಸ್, ಎನ್‌ಬಿಸಿ, ಮೂರೂ ಶನಿವಾರ ಬೆಳಗಿನ ಹೊತ್ತನ್ನ ಮಕ್ಕಳಿಗೆ ಅಂತ ಬಿಟ್ಟಿದ್ವು, ಒಂದರ ಹಿಂದೆ ಒಂದು ಕಾರ್ಟೂನ್, ಮಧ್ಯೆ ಮಧ್ಯೆ ಬೆಳಗಿನ ತಿಂಡಿಯ ಸೀರಿಯಲ್ಲು, ಆಟದ ಸಾಮಾನುಗಳ ಜಾಹೀರಾತು. ಅರವತ್ತರ ದಶಕದ ಮಧ್ಯದಲ್ಲಿ ಸ್ಪೇಸ್ ಘೋಸ್ಟ್, ಹರ್ಕ್ಯುಲಾಯ್ಡ್ಸ್ ಥರದ ಬಾಹ್ಯಾಕಾಶದ ಹೊಡೆದಾಟದ ಕಾರ್ಟೂನ್‌ಗಳದ್ದೇ ಅಲ್ಲಿ ಅಬ್ಬರ. ಆಮೇಲೆ ಅಪ್ಪ ಅಮ್ಮಂದಿರ ಸಂಘಟನೆಗಳು ಎದ್ದು ನಿಂತ್ವು, ಮಕ್ಕಳ ಕಾರ್ಯಕ್ರಮದಲ್ಲಿ ಇಷ್ಟೊಂದು ಹಿಂಸೆ ಯಾಕೆ ಅಂತ ಜಗಳ ಶುರುವಾಯ್ತು, ಎಪ್ಪತ್ತರ ದಶಕ ಬರೋ ಹೊತ್ತಿಗೆ ನೆಟ್‌ವರ್ಕ್‌ಗಳು ಹೆದರಿ ಅಂಥವನ್ನ ಒಂದೊಂದಾಗಿ ಕೈಬಿಟ್ವು. ಉಳಿದಿದ್ದು ಹೆಚ್ಚಾಗಿ ನಗಿಸೋ ಕಾರ್ಟೂನ್‌ಗಳು, ಮಾತಾಡೋ ನಾಯಿ, ಹಾಡೋ ಹುಡುಗರ ಬ್ಯಾಂಡು, ಅಂಥವು. ಇಂಥಾ ಜಾಗಕ್ಕೆ 1973ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಸ್ಟಾರ್ ಟ್ರೆಕ್‌ನ ತಂದು ಕೂರಿಸ್ತು.

ಮೂಲ ಸೀರೀಸ್ 1966ರಲ್ಲಿ ಶುರುವಾಗಿ ಮೂರು ಸೀಸನ್, 79 ಎಪಿಸೋಡ್ ಆಗಿ 1969ರಲ್ಲಿ ನಿಂತುಹೋಗಿತ್ತು. ನಿಲ್ಲಿಸಿದ್ದೂ ಇದೇ ಎನ್‌ಬಿಸಿ. ಆದ್ರೆ ಊರೂರಿನ ಲೋಕಲ್ ಸ್ಟೇಷನ್‌ಗಳಲ್ಲಿ ಮರುಪ್ರಸಾರ ಆಗ್ತಾ ಆಗ್ತಾ ಮೊದಲಿಗಿಂತ ಹೆಚ್ಚು ಜನ ಸೇರಿಬಿಟ್ರು. ಆಗ ಫಿಲ್ಮೇಷನ್ ಅನ್ನೋ ಕಾರ್ಟೂನ್ ಸ್ಟುಡಿಯೋ ಮುಂದೆ ಬಂತು, ಲೂ ಶೈಮರ್ ಮತ್ತೆ ನಾರ್ಮ್ ಪ್ರೆಸ್ಕಾಟ್ ಅವರದ್ದು. ಮಕ್ಕಳಿಗೆ ಹಿಡಿಸ್ಲಿ ಅಂತ ಹಡಗಿಗೆ ಹದಿಹರೆಯದ ಕೆಡೆಟ್‌ಗಳನ್ನ ತುಂಬೋ ಯೋಚನೆನೂ ಆರಂಭದಲ್ಲಿ ಇತ್ತಂತೆ, ಸ್ಟಾರ್ ಟ್ರೆಕ್ ಕಟ್ಟಿದ ಜೀನ್ ರಾಡನ್‌ಬೆರಿ ಅದಕ್ಕೆ ಒಪ್ಪಲಿಲ್ಲ. ಅವರು ಒಪ್ಪದೇ ಇದ್ದಿದ್ದಕ್ಕೆ ನಾನು ಇವತ್ತಿಗೂ ಋಣಿ. ಕಥೆಯ ಕಡೆಯಿಂದ ಇಡೀ ಸೀರೀಸ್ ನೋಡ್ಕೊಳ್ಳೋಕೆ ಡಿ. ಸಿ. ಫಾಂಟಾನಾ ಅವರನ್ನ ಕೂರಿಸಿದ್ರು, ಮೂಲ ಸೀರೀಸ್‌ನಲ್ಲಿ ಸ್ಪಾಕ್ ಅನ್ನೋ ಪಾತ್ರಕ್ಕೆ (ಹಡಗಿನ ಅಧಿಕಾರಿ, ಭಾವನೆ ತೋರಿಸದ ವಲ್ಕನ್ ಅನ್ನೋ ಅನ್ಯಗ್ರಹ ಜನಾಂಗಕ್ಕೆ ಅರ್ಧ ಸೇರಿದವನು) ಅಪ್ಪ ಅಮ್ಮ ಮನೆತನ ಎಲ್ಲ ಕೊಟ್ಟು ಬೆಳೆಸಿದ್ದೇ ಆಯಮ್ಮ. ಅವರು ಹಳೇ ಬರಹಗಾರರನ್ನೇ ಕರೆದ್ರು. ಆ ವರ್ಷ ಹಾಲಿವುಡ್ ಬರಹಗಾರರ ಸ್ಟ್ರೈಕ್ ಬೇರೆ ಇತ್ತು, ಕಾರ್ಟೂನ್‌ಗೆ ಬರೆಯೋದು ಅದರ ವ್ಯಾಪ್ತಿಗೆ ಬರ್ತಿರ್ಲಿಲ್ಲ, ಹಾಗಾಗಿ ಒಳ್ಳೊಳ್ಳೆ ಕೈಗಳು ಸಿಕ್ವು.

ಸ್ಯಾಮ್ಯುಯೆಲ್ ಪೀಪಲ್ಸ್, ಡೇವಿಡ್ ಜೆರಾಲ್ಡ್, ಮಾರ್ಗರೆಟ್ ಆರ್ಮನ್, ಸ್ಟೀಫನ್ ಕ್ಯಾಂಡಲ್ ಇವರೆಲ್ಲ ದೊಡ್ಡವರ ಸೀರೀಸ್‌ಗೆ ಬರೆದವರೇ, ಲ್ಯಾರಿ ನಿವೆನ್ ಅಂತೂ ಸೈನ್ಸ್ ಫಿಕ್ಷನ್ ಲೋಕದಲ್ಲಿ ಆಗ್ಲೇ ದೊಡ್ಡ ಹೆಸರು. ಇವರು ಯಾರೂ "ಶನಿವಾರದ ಹುಡುಗರಿಗಲ್ವಾ, ಇಷ್ಟು ಸಾಕು" ಅಂತ ಬರೆದಿಲ್ಲ. ನಾನು ಈ ಪೋಸ್ಟ್ ಬರೀತಿರೋದೇ ಇದೊಂದನ್ನ ಹೇಳೋಕೆ. ಸೀರೀಸ್‌ಗೆ ದುಡ್ಡು ಇರ್ಲಿಲ್ಲ, ಟೈಮ್ ಇರ್ಲಿಲ್ಲ, ಹಿಂಸೆ ತೋರಿಸೋ ಹಾಗಿರ್ಲಿಲ್ಲ, ಇಷ್ಟರ ಮಧ್ಯೆ ಅದನ್ನ ಕಟ್ಟಿದವರು ಮಕ್ಕಳ ಬುದ್ಧಿ ಮೇಲೆ, ಮಕ್ಕಳ ದುಃಖ ತಡ್ಕೊಳ್ಳೋ ಶಕ್ತಿ ಮೇಲೆ ಪೂರ್ತಿ ನಂಬಿಕೆ ಇಟ್ಟಿದ್ರು.

ಸರಿ, ಈಗ ಆ ಅಲ್ಲಾಡದ ಚಿತ್ರಗಳ ವಿಷಯ. ಫಿಲ್ಮೇಷನ್‌ನೋರು ಕೆಲಸನ ಹೊರದೇಶಕ್ಕೆ ಕಳಿಸ್ತಿರ್ಲಿಲ್ಲ, ಎಲ್ಲಾ ಅಮೆರಿಕದಲ್ಲೇ ತಮ್ಮ ಸ್ಟುಡಿಯೋದಲ್ಲೇ ಮಾಡೋರು, ಹಾಗಾಗಿ ಖರ್ಚು ಉಳಿಸೋಕೆ ಇದ್ದ ಒಂದೇ ದಾರಿ ಅಂದ್ರೆ ಕಡಿಮೆ ಬಿಡಿಸೋದು, ಬಿಡಿಸಿದ್ದನ್ನ ಮತ್ತೆ ಮತ್ತೆ ಬಳಸೋದು. ಹಡಗಿನ ಕ್ಯಾಪ್ಟನ್ ಕರ್ಕ್ ತಲೆ ತಿರುಗಿಸೋ ಶಾಟ್ ಒಂದ್ಸಲ ಬಿಡಿಸಿದ್ರೆ ಅದು ಇಡೀ ಸೀರೀಸ್‌ಗೆ ಆಯ್ತು. ಸ್ಪಾಕ್ ಹುಬ್ಬೇರಿಸೋದು ಒಂದು, ಇಂಜಿನಿಯರ್ ಸ್ಕಾಟಿ ಟ್ರಾನ್ಸ್‌ಪೋರ್ಟರ್ (ಜನರನ್ನ ಕ್ಷಣದಲ್ಲಿ ಬೇರೆ ಕಡೆ ಕಳಿಸೋ ಯಂತ್ರ) ಕಂಟ್ರೋಲ್ ಎಳೆಯೋದು ಒಂದು, ಹಡಗು ನಡೆಸೋ ಸುಲು ಮತ್ತೆ ಅರೆಕ್ಸ್‌ನ ಬೆನ್ನ ಹಿಂದಿಂದ ತೋರಿಸಿ ಎದುರಿಗಿರೋ ಸ್ಕ್ರೀನ್ ಕಾಣಿಸೋದು ಒಂದು. ಮುಖ ಒಂದು ಹಾಳೆ ಮೇಲೆ ಹಾಗೇ ಇರುತ್ತೆ, ಅದರ ಮೇಲಿನ ಇನ್ನೊಂದು ಪಾರದರ್ಶಕ ಹಾಳೆ ಮೇಲೆ ಬಾಯಿ ಮಾತ್ರ ಬದಲಾಗುತ್ತೆ. ದೂರದಲ್ಲಿ ನೆರಳಿನ ಥರ ನಿಂತಿದ್ರೆ ಬಾಯಿ ಕೂಡ ಬಿಡಿಸ್ಬೇಕಿಲ್ಲ. ಇನ್ನೊಂದು ಮಜಾ ಅಂದ್ರೆ ಸ್ಪೇಸ್‌ಸೂಟ್ ಬಿಡಿಸೋ ಗೋಜೇ ಬೇಡ ಅಂತ ಲೈಫ್ ಸಪೋರ್ಟ್ ಬೆಲ್ಟ್ ಅಂತ ಒಂದು ತಂದ್ರು, ಸೊಂಟಕ್ಕೆ ಬೆಲ್ಟ್ ಕಟ್ಕೊಂಡ್ರೆ ಮೈ ಸುತ್ತ ಹಳದಿ ಬೆಳಕಿನ ಗೆರೆ, ಅಷ್ಟೇ, ಗಾಳಿ ಇಲ್ಲದ ಕಡೆ ಯೂನಿಫಾರ್ಮ್‌ನಲ್ಲೇ ಓಡಾಡ್ತಾರೆ! ಖರ್ಚು ಉಳಿಸೋಕೆ ಹುಟ್ಟಿದ ಐಡಿಯಾ ಆದ್ರೂ ನಿಜಕ್ಕೂ ಚೆನ್ನಾಗಿದೆ. ಮುಂದಿನ ಶತಮಾನದೋರು ಆ ದಪ್ಪ ದಪ್ಪ ಸೂಟ್ ಯಾಕೆ ಹೊರ್ತಾರೆ ಹೇಳಿ, ಒಂದು ಫೀಲ್ಡ್ ಸಾಕಲ್ವಾ.

ಒಮ್ಮೆ ಲೈಟ್ ಆರಿಸಿ ಕಣ್ಣುಮುಚ್ಚಿ ಒಂದು ಎಪಿಸೋಡ್ ಪೂರ್ತಿ ಕೇಳಿ ನೋಡಿದೆ, ಒಳ್ಳೆ ರೇಡಿಯೋ ನಾಟಕ ಕೇಳಿದ ಹಾಗೇ ಇತ್ತು, ಏನೂ ತಪ್ಪಿಹೋದಂಗೆ ಅನ್ನಿಸ್ಲಿಲ್ಲ. ಅದಕ್ಕೆ ಕಾರಣ ದನಿಗಳು. ವಿಲಿಯಂ ಶಾಟ್ನರ್, ಲೆನರ್ಡ್ ನಿಮಾಯ್, ಡಿಫಾರೆಸ್ಟ್ ಕೆಲ್ಲಿ, ಹೀಗೆ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಪಾತ್ರದವರು ಸೇರಿ ಬಹುತೇಕ ಮೂಲ ನಟರೇ ಬಂದು ದನಿ ಕೊಟ್ಟಿದಾರೆ. ಇದರ ಹಿಂದೆ ಒಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. ದುಡ್ಡು ಸಾಲದು ಅಂತ ಶುರುವಿನಲ್ಲಿ ನಿಶೆಲ್ ನಿಕೋಲ್ಸ್ ಮತ್ತೆ ಜಾರ್ಜ್ ಟಕೇ ಇಬ್ಬರನ್ನೂ ಬಿಟ್ಟು, ಉಹೂರಾ ಮತ್ತೆ ಸುಲು ಪಾತ್ರಗಳಿಗೆ ಬೇರೆಯವರಿಂದ ದನಿ ಕೊಡಿಸೋ ಪ್ಲಾನ್ ಇತ್ತು. ನಿಮಾಯ್ ಇದನ್ನ ತಿಳ್ಕೊಂಡು, ಅವರಿಬ್ಬರೂ ಇಲ್ಲ ಅಂದ್ರೆ ನಾನೂ ಇಲ್ಲ ಅಂದ್ಬಿಟ್ರು. ಕಪ್ಪು ಹೆಣ್ಣುಮಗಳು, ಏಷ್ಯಾ ಮೂಲದ ಗಂಡು, ಎಲ್ಲಾ ಜನಾಂಗದೋರೂ ಒಟ್ಟಿಗೆ ಇರೋ ಹಡಗು ಅನ್ನೋದೇ ಆ ಸೀರೀಸ್‌ನ ಹೆಮ್ಮೆ, ಮೊದಲು ಕತ್ತರಿ ಬೀಳೋದು ಅವರಿಗೇನಾ ಅನ್ನೋದು ಅವರ ವಾದ. ಇಬ್ಬರೂ ವಾಪಸ್ ಬಂದ್ರು. ಚೆಕಾವ್ ಪಾತ್ರದ ವಾಲ್ಟರ್ ಕೋನಿಗ್ ಒಬ್ಬರಿಗೆ ಮಾತ್ರ ಜಾಗ ಸಿಗ್ಲಿಲ್ಲ, ಆದ್ರೆ ಅವರು ಒಂದು ಎಪಿಸೋಡ್ ಬರೆದ್ರು, ದಿ ಇನ್‌ಫಿನಿಟ್ ವಲ್ಕನ್ ಅಂತ, ಗಿಡಗಳೇ ಮನುಷ್ಯರ ಹಾಗೆ ಓಡಾಡೋ ಗ್ರಹ, ಅಲ್ಲಿ ಸ್ಪಾಕ್‌ನ ದೈತ್ಯಾಕಾರದ ಒಂದು ತದ್ರೂಪು. ಕಥೆ ಸ್ವಲ್ಪ ಅಡ್ಡಾದಿಡ್ಡಿ ಹೋಗುತ್ತೆ, ಆದ್ರೂ ಆ ಗಿಡ-ಮನುಷ್ಯರ ಕಲ್ಪನೆ ನಟರನ್ನ ಇಟ್ಕೊಂಡು ಸೆಟ್ ಹಾಕಿ ಮಾಡೋಕೆ ಆಗ್ತಿತ್ತಾ ಆ ಕಾಲದಲ್ಲಿ? ಸಾಧ್ಯನೇ ಇಲ್ಲ.

ಚೆಕಾವ್ ಜಾಗಕ್ಕೆ ಬಂದವನು ಅರೆಕ್ಸ್. ಮೂರು ಕೈ ಮೂರು ಕಾಲು, ಉದ್ದನೆ ಕತ್ತು, ಕಿತ್ತಳೆ ಬಣ್ಣದ ಚರ್ಮ. ಮೊದಲನೇ ಎಪಿಸೋಡ್‌ನಿಂದಲೇ ಸುಲು ಪಕ್ಕ ಕೂತಿರ್ತಾನೆ. ನನಗೆ ಇಷ್ಟ ಆಗಿದ್ದು ಏನಂದ್ರೆ ಅವನು ಯಾರು, ಎಲ್ಲಿಂದ ಬಂದ, ಯಾಕೆ ಮೂರು ಕೈ ಅಂತ ಯಾರೂ ಒಂದು ಮಾತೂ ವಿವರಣೆ ಕೊಡಲ್ಲ. ಕೂತಿದಾನೆ, ಕೆಲಸ ಮಾಡ್ತಿದಾನೆ, ಕ್ಯಾಪ್ಟನ್ ಕೇಳಿದ್ದಕ್ಕೆ ಉತ್ತರ ಕೊಡ್ತಾನೆ. ಆಮೇಲೆ ಬರೋ ಎಂರೆಸ್ ಬೆಕ್ಕಿನ ಮುಖದೋಳು, ಕೇಸರದ ಹಾಗೆ ಕೂದಲು, ಮಾತಿನ ಮಧ್ಯೆ ಬೆಕ್ಕಿನ ಥರ ಗುರ್ ಅನ್ನೋ ಸದ್ದು, ಅವಳೂ ಅಷ್ಟೇ. ಮಕ್ಕಳು ಇದನ್ನ ತಕ್ಷಣ ಒಪ್ಕೊಳ್ತಾರೆ, ಒಪ್ಕೊಳ್ತಾರೆ ಅನ್ನೋದು ಬರೆದವರಿಗೆ ಗೊತ್ತಿತ್ತು. ಅರೆಕ್ಸ್‌ಗೆ ದನಿ ಸ್ಕಾಟಿ ಪಾತ್ರದ ಜೇಮ್ಸ್ ಡೂಹನ್ ಅವರದ್ದೇ, ಎಂರೆಸ್‌ಗೆ ನರ್ಸ್ ಚಾಪೆಲ್ ಪಾತ್ರದ ಮೇಜಲ್ ಬ್ಯಾರೆಟ್ ಅವರದ್ದು. ಡೂಹನ್ ಅಂತೂ ಒಂದೊಂದು ಎಪಿಸೋಡ್‌ನಲ್ಲಿ ಮೂರು ನಾಲ್ಕು ಜನ ಆಗ್ತಾರೆ, ಗೊತ್ತಾದ ಮೇಲೆ ಹುಡುಕ್ತಾ ಕೂರೋದೇ ಒಂದು ಆಟ.

ಮೊದಲನೇ ಎಪಿಸೋಡ್ ಬಿಯಾಂಡ್ ದಿ ಫಾರ್ದೆಸ್ಟ್ ಸ್ಟಾರ್. ಜಾರ್ಜ್ ಟಕೇ ಆಗ ಲಾಸ್ ಏಂಜಲೀಸ್ ಸಿಟಿ ಕೌನ್ಸಿಲ್ ಚುನಾವಣೆಗೆ ನಿಂತಿದ್ರು, ಅಭ್ಯರ್ಥಿ ಟಿವಿಯಲ್ಲಿ ಕಾಣಿಸ್ಕೊಂಡ್ರೆ ಎದುರಾಳಿಗೂ ಅಷ್ಟೇ ಟೈಮ್ ಕೊಡ್ಬೇಕು ಅನ್ನೋ ನಿಯಮ ಇದ್ದಿದ್ರಿಂದ ಆ ಊರಲ್ಲಿ ಮಾತ್ರ ಅವತ್ತು ಇದು ಪ್ರಸಾರ ಆಗ್ಲಿಲ್ಲ. ಬರೀ ದನಿಗೂ ಆ ನಿಯಮ! ಇರ್ಲಿ. ಕಥೆ ಏನಂದ್ರೆ ಎಂಟರ್‌ಪ್ರೈಸ್ ಹಡಗು ಒಂದು ಸತ್ತ ನಕ್ಷತ್ರದ ಸೆಳೆತಕ್ಕೆ ಸಿಕ್ಕಾಕ್ಕೊಳ್ಳುತ್ತೆ, ಅಲ್ಲಿ ಆಗ್ಲೇ ಇನ್ನೊಂದು ಹಡಗು ಸುತ್ತುತಾ ಇರುತ್ತೆ, ಮೂವತ್ತು ಕೋಟಿ ವರ್ಷ ಹಳೇದು, ಕೀಟಗಳ ಥರದ ಜೀವಿಗಳು ಕಟ್ಟಿದ್ದು. ಆ ಹಡಗಿನ ಚಿತ್ರ ನೋಡ್ಬೇಕು ನೀವು. ನೆಟ್ಟಗಿರೋ ಗೆರೆ ಒಂದೂ ಇಲ್ಲ, ಕಾಯಿ ಬಿಟ್ಟ ಬಳ್ಳಿಯ ಹಾಗೆ ಗುಂಡು ಗುಂಡು ಕೋಣೆಗಳು, ಅವನ್ನ ಸೇರಿಸೋ ಬಾಗಿದ ತೆಳ್ಳನೆ ಕೈಗಳು, ಒಳಗೆ ಹೋದ್ರೆ ಷಟ್ಕೋನದ ಬಾಗಿಲುಗಳು, ನೀಲಿ ಹಸಿರು ಬೆಳಕು. ಪ್ರತಿ ಕೋಣೆನೂ ಒಳಗಿಂದ ಒಡೆದು ಹೋಗಿದೆ ಅನ್ನೋದನ್ನ ಸ್ಪಾಕ್ ಗಮನಿಸ್ತಾನೆ. ಹೊರಗಿಂದ ಯಾರೂ ಹೊಡೆದಿಲ್ಲ. ತಮ್ಮ ಹಡಗು ಸೇರ್ಕೊಂಡ ಒಂದು ದುಷ್ಟ ಶಕ್ತಿನ ಬೇರೆ ಲೋಕಗಳಿಗೆ ಹರಡೋಕೆ ಬಿಡಬಾರ್ದು ಅಂತ ಆ ಜೀವಿಗಳು ತಮ್ಮ ಹಡಗನ್ನ ತಾವೇ ನಾಶ ಮಾಡ್ಕೊಂಡಿದ್ರು.

ಶನಿವಾರ ಬೆಳಗ್ಗೆ, ಮೊದಲನೇ ಎಪಿಸೋಡ್‌ನಲ್ಲಿ, ಇದು. ಮತ್ತೆ ಕೊನೆ ಇನ್ನೂ ಗಟ್ಟಿ. ಆ ಶಕ್ತಿ ಎಂಟರ್‌ಪ್ರೈಸ್ ಒಳಗೆ ಸೇರ್ಕೊಳ್ಳುತ್ತೆ, ಕಂಪ್ಯೂಟರ್ ಹಿಡ್ಕೊಳ್ಳುತ್ತೆ, ಕರ್ಕ್ ಹಡಗನ್ನ ನೇರ ನಕ್ಷತ್ರದ ಕಡೆ ಇಳಿಸಿ, ಸಾಯ್ತೀವಿ ಅಂತ ನಂಬಿಸಿ ಅದನ್ನ ಹೊರಗೆ ಓಡಿಸಿ, ಅದೇ ವೇಗದಲ್ಲಿ ತಪ್ಪಿಸ್ಕೊಳ್ತಾನೆ. ಗೆದ್ವಿ ಅಂತ ಕುಣಿಯೋ ಟೈಮಲ್ಲಿ ಆ ಶಕ್ತಿಯ ದನಿ ಕೇಳುತ್ತೆ, ಬಿಟ್ಟು ಹೋಗ್ಬೇಡಿ, ಒಂಟಿ ಆಗ್ತೀನಿ ಅಂತ ಬೇಡ್ಕೊಳ್ಳುತ್ತೆ. ಇಷ್ಟು ಹೊತ್ತೂ ಹೆದರಿಸಿದ್ದು ಇದೇನಾ ಅಂತ ನೋಡೋರ ಎದೆ ಹಿಂಡುತ್ತೆ. ಕೆಟ್ಟದ್ದಕ್ಕೂ ನೋವಾಗುತ್ತೆ ಅಂತ ಹೇಳಿ, ಅದಕ್ಕೆ ಸಮಾಧಾನದ ಮಾತೂ ಹೇಳದೇ ಹಡಗು ಹೊರಟುಹೋಗುತ್ತೆ.

ಈಗ ಯೆಸ್ಟರ್‌ಇಯರ್. ಎರಡನೇ ಎಪಿಸೋಡ್, ಸೆಪ್ಟೆಂಬರ್ 15ರಂದು ಬಂದಿದ್ದು, ಬರೆದಿದ್ದು ಸ್ವತಃ ಫಾಂಟಾನಾ. ನನ್ನ ಪ್ರಕಾರ ಸ್ಟಾರ್ ಟ್ರೆಕ್ ಹೆಸರಲ್ಲಿ ಇದುವರೆಗೂ ಬಂದಿರೋ ಎಲ್ಲದರಲ್ಲೂ ಮೇಲಿನ ಸಾಲಲ್ಲಿ ನಿಲ್ಲೋದು ಇದು, ಕಾರ್ಟೂನ್ ಅನ್ನೋ ರಿಯಾಯಿತಿ ಏನೂ ಬೇಡ.

ಸ್ಪಾಕ್ ಕಾಲದ ಬಾಗಿಲಿಂದ ಹಿಂದಕ್ಕೆ ಹೋಗಿ ಇತಿಹಾಸದ ಕೆಲಸ ಮುಗಿಸಿ ವಾಪಸ್ ಬರ್ತಾನೆ, ನೋಡಿದ್ರೆ ಅವನನ್ನ ಯಾರೂ ಗುರುತೇ ಹಿಡಿಯಲ್ಲ. ಜೊತೆಗೆ ಹೋಗಿದ್ದ ಕರ್ಕ್ ಒಬ್ಬನಿಗೆ ಮಾತ್ರ ಅವನು ಗೊತ್ತು. ಹಡಗಿನಲ್ಲಿ ಅವನ ಜಾಗದಲ್ಲಿ ಥೆಲಿನ್ ಅನ್ನೋ ನೀಲಿ ಚರ್ಮದ ಆಂಡೋರಿಯನ್ ಇದಾನೆ. ದಾಖಲೆ ತೆಗೆಸಿ ನೋಡಿದ್ರೆ ಸ್ಪಾಕ್ ಏಳು ವರ್ಷದವನಿದ್ದಾಗಲೇ ಮರುಭೂಮಿಯಲ್ಲಿ ಸತ್ತುಹೋಗಿದಾನೆ, ಅಪ್ಪ ಅಮ್ಮ ಬೇರೆ ಆಗಿದಾರೆ, ಅಮ್ಮ ಭೂಮಿಗೆ ವಾಪಸ್ ಹೋಗೋ ದಾರಿಯಲ್ಲಿ ಅಪಘಾತದಲ್ಲಿ ತೀರ್ಕೊಂಡಿದಾರೆ. ತನ್ನ ಸಾವಿನ ಸುದ್ದಿನ ಸ್ಪಾಕ್ ತಾನೇ ನಿಂತು ಕೇಳ್ತಾನೆ, ಮುಖ ಅಲ್ಲಾಡಲ್ಲ. ಇಲ್ಲಿ ನೋಡಿ, ಅಲ್ಲಾಡದ ಮುಖ ಅನ್ನೋದು ದುಡ್ಡಿಲ್ಲದ ಆನಿಮೇಷನ್‌ನ ದೌರ್ಬಲ್ಯ ತಾನೇ, ಆದ್ರೆ ವಲ್ಕನ್ ಪಾತ್ರಕ್ಕೆ ಅದೇ ಹೇಳಿ ಮಾಡಿಸಿದ ಹಾಗಿದೆ. ನಿಮಾಯ್ ದನಿಯಲ್ಲಿ ಅಮ್ಮನ ವಿಷಯ ಬಂದಾಗ ಒಂದೇ ಒಂದು ಎಳೆ ನಿಧಾನ ಆಗುತ್ತೆ, ಅಷ್ಟೇ, ಚಿತ್ರ ಸುಮ್ಮನಿರೋದ್ರಿಂದ ಅದು ನೇರ ಕಿವಿಗೆ ಬೀಳುತ್ತೆ.

ಆಗಿದ್ದೇನಂದ್ರೆ, ಚಿಕ್ಕ ಸ್ಪಾಕ್‌ನ ಆವತ್ತು ಕಾಪಾಡಿದ್ದು ಸೆಲೆಕ್ ಅನ್ನೋ ದೂರದ ನೆಂಟ. ಆ ಸೆಲೆಕ್ ಬೇರೆ ಯಾರೂ ಅಲ್ಲ, ಭವಿಷ್ಯದಿಂದ ಬಂದಿದ್ದ ಸ್ಪಾಕೇ! ಈ ಸಲ ಅವನು ಬೇರೆ ಕಾಲದಲ್ಲಿ ಕೆಲಸದ ಮೇಲಿದ್ದಿದ್ರಿಂದ ಅಲ್ಲಿಗೆ ಹೋಗೋರೇ ಇಲ್ಲದಂಗಾಯ್ತು. ಹಾಗಾಗಿ ಈಗ ಹೋಗ್ಬೇಕು. ಇಲ್ಲಿ ಥೆಲಿನ್ ಪಾತ್ರನ ದಯವಿಟ್ಟು ಗಮನಿಸಿ, ಕಾಲ ಸರಿ ಹೋದ್ರೆ ಈ ಹಡಗಿನಲ್ಲಿ ತನ್ನ ಜಾಗ ಇರಲ್ಲ ಅಂತ ಅವನಿಗೆ ಗೊತ್ತು, ಆದ್ರೂ ಬೇಜಾರಿಲ್ಲದೇ ಹರಸಿ ಕಳಿಸ್ತಾನೆ. ಎರಡೇ ನಿಮಿಷದ ಪಾತ್ರ. ನನಗೆ ಅವನ ಬಗ್ಗೆನೇ ಇನ್ನೊಂದು ಕಥೆ ಬೇಕು ಅನ್ಸುತ್ತೆ.

ವಲ್ಕನ್ ಗ್ರಹದಲ್ಲಿ ಕೆಂಪು ಆಕಾಶ, ಚೂಪು ಚೂಪು ಬಂಡೆಗಳು. ಬೇರೆ ಹುಡುಗರು ಚಿಕ್ಕ ಸ್ಪಾಕ್‌ನ ಸುತ್ತ ನಿಂತು ನಿನ್ನಮ್ಮ ಭೂಮಿಯೋಳು, ನೀನು ಪೂರ್ತಿ ವಲ್ಕನ್ ಆಗೋಕೇ ಸಾಧ್ಯ ಇಲ್ಲ ಅಂತ ಚುಡಾಯಿಸ್ತಾರೆ. ಹತ್ತು ದಿನ ಮರುಭೂಮಿಯಲ್ಲಿ ಒಬ್ಬನೇ ಬದುಕಿ ಬರೋ ಕಾಸ್‌ವಾನ್ ಅನ್ನೋ ಪರೀಕ್ಷೆ ಹತ್ತಿರದಲ್ಲೇ ಇದೆ. ಸೋತ್ರೆ ಏನ್ ಗತಿ ಅನ್ನೋ ಭಯಕ್ಕೆ ಹುಡುಗ ಯಾರಿಗೂ ಹೇಳದೇ ಮೊದಲೇ ರಾತ್ರಿ ಹೊರಟುಬಿಡ್ತಾನೆ. ಹಿಂದಿಂದ ಅವನ ಸಾಕುಪ್ರಾಣಿ ಇಚಾಯ ಬರುತ್ತೆ, ಕರಡಿಯಷ್ಟು ದೊಡ್ಡ ಮೈ, ಉದ್ದ ಕೋರೆಹಲ್ಲು, ಒಂದು ಮುರಿದಿದೆ, ವಯಸ್ಸಾಗಿದೆ, ಹೋಗು ಅಂದ್ರೂ ಹೋಗಲ್ಲ. ಲೆಮಾತ್ಯ ಅನ್ನೋ ವಿಷದ ಉಗುರಿನ ಪ್ರಾಣಿ ಹುಡುಗನ ಮೇಲೆ ಎರಗುತ್ತೆ, ಇಚಾಯ ಅಡ್ಡ ಬೀಳುತ್ತೆ. ದೊಡ್ಡ ಸ್ಪಾಕ್ ಬಂದು ಹುಡುಗನ್ನ ಕಾಪಾಡ್ತಾನೆ, ಆದ್ರೆ ಅಷ್ಟೊತ್ತಿಗೆ ಇಚಾಯಗೆ ವಿಷ ಏರಿರುತ್ತೆ. ಹುಡುಗ ರಾತ್ರಿಯೆಲ್ಲ ಮರುಭೂಮಿ ದಾಟಿ ಓಡಿ ವೈದ್ಯನ ಕರ್ಕೊಂಡು ಬರ್ತಾನೆ. ವೈದ್ಯ ನೋಡಿ ಹೇಳ್ತಾನೆ, ತಡ ಆಗಿದೆ, ಬದುಕಿಸ್ಬೋದು ಆದ್ರೆ ನೋವಲ್ಲೇ ಇರುತ್ತೆ, ಇಲ್ಲಾ ನೋವಿಲ್ಲದೇ ಬಿಡುಗಡೆ ಕೊಡ್ಬೋದು, ನಿನ್ನ ಪ್ರಾಣಿ, ನೀನೇ ಹೇಳು.

ಏಳು ವರ್ಷದ ಹುಡುಗನಿಗೆ ಆ ಪ್ರಶ್ನೆ. ಹುಡುಗ ಬಿಡುಗಡೆ ಕೊಡಿ ಅಂತಾನೆ.

ನಾನು ಇದನ್ನ ಅಕ್ಕನ ಮಗಳ ಜೊತೆ ಕೂತು ನೋಡಿದೆ, ಅವಳಿಗೂ ಹೆಚ್ಚೂಕಮ್ಮಿ ಅಷ್ಟೇ ವಯಸ್ಸು. ಅಷ್ಟು ಹೊತ್ತೂ ಕಾಲು ಆಡಿಸ್ತಾ ಕೂತಿದ್ದೋಳು ನೆಟ್ಟಗಾದ್ಳು. "ಮಾಮ, ಡಾಕ್ಟರ್ ಬಂದ್ರಲ್ಲ, ಮತ್ಯಾಕೆ ಸಾಯುತ್ತೆ?" ಅಂದ್ಳು. ನಾನು ನಿಲ್ಲಿಸಿ ಹೇಳೋಕೆ ಹೋದೆ, "ಬೇಡ, ನಡೀಲಿ" ಅಂದ್ಳು. ದೊಡ್ಡ ಸ್ಪಾಕ್ ಹುಡುಗನಿಗೆ ಹೇಳೋ ಮಾತಿನ ತಿರುಳು ಏನಂದ್ರೆ, ವ್ಯರ್ಥವಾಗಿ ಹೋದ ಜೀವಕ್ಕೆ ಅಳ್ಬೇಕು, ಇಚಾಯದ ಜೀವ ವ್ಯರ್ಥ ಆಗ್ಲಿಲ್ಲ ಅಂತ. ಅದು ಮುಗಿದ ಮೇಲೂ ಅವಳು ಸುಮಾರು ಹೊತ್ತು ಅದನ್ನೇ ಕೇಳ್ತಿದ್ಳು, ನೋವಿದ್ರೂ ಇರ್ಬೋದಿತ್ತಲ್ಲ, ಅವನು ದಿನಾ ನೋಡ್ಕೋಬೋದಿತ್ತಲ್ಲ, ಅದನ್ನ ಅದಕ್ಕೇ ಕೇಳೋಕೆ ಆಗ್ತಿತ್ತಾ ಅಂತೆಲ್ಲ. ನನ್ನತ್ರ ಎಲ್ಲದಕ್ಕೂ ಉತ್ತರ ಇರ್ಲಿಲ್ಲ, ಇಬ್ಬರೂ ಮಾತಾಡ್ಕೊಂಡ್ವಿ. ಮಕ್ಕಳ ಕಾರ್ಯಕ್ರಮದಲ್ಲಿ ಸಾಕುಪ್ರಾಣಿ ಸಾಯೋದನ್ನ ತೋರಿಸ್ತೀರಾ ಅಂತ ಆಗ ನೆಟ್‌ವರ್ಕ್‌ನೋರಿಗೂ ಅಳುಕಿತ್ತು, ಫಾಂಟಾನಾ ಕಥೆನ ಹಾಗೇ ಉಳಿಸ್ಕೊಂಡ್ರು.

ಇನ್ನೊಂದು ಸೂಕ್ಷ್ಮ ಇದೆ ಇದರಲ್ಲಿ. ಮೊದಲಿನ ಕಾಲದಲ್ಲಿ ಇಚಾಯ ಆವತ್ತು ಸತ್ತಿರ್ಲಿಲ್ಲ. ಅಂದ್ರೆ ಸ್ಪಾಕ್ ವಾಪಸ್ ಬಂದ ಕಾಲ ಪೂರ್ತಿ ಮೊದಲಿನ ಥರ ಆಗ್ಲಿಲ್ಲ, ಎಲ್ಲಾ ಸರಿ ಹೋಯ್ತು, ಇದೊಂದು ಬಿಟ್ಟು. ಕೊನೆಯಲ್ಲಿ ಕರ್ಕ್ ಕೇಳಿದಾಗ ಸ್ಪಾಕ್ ಒಂದು ಸಾಕುಪ್ರಾಣಿ ಸತ್ತಿತು ಅಂತಾನೆ, ಅದೇನು ಕಾಲದ ಲೆಕ್ಕದಲ್ಲಿ ದೊಡ್ಡದಲ್ಲ ಬಿಡು ಅನ್ನೋ ಥರ ಕರ್ಕ್ ಹೇಳಿದ್ರೆ, ಕೆಲವರಿಗೆ ದೊಡ್ಡದಾಗಿರ್ಬೋದು ಅಂತ ಅಷ್ಟೇ ಹೇಳ್ತಾನೆ. ಹೊರಡೋ ಮುಂಚೆ ಅಪ್ಪ ಸಾರೆಕ್‌ಗೂ ನಿನ್ನ ಮಗನ್ನ ಅರ್ಥ ಮಾಡ್ಕೊಳ್ಳೋಕೆ ನೋಡು ಅಂತ ಹೇಳಿ ಬಂದಿರ್ತಾನೆ, ಆ ಅಪ್ಪನಿಗೆ ಎದುರಿಗಿರೋನೇ ತನ್ನ ಮಗ ಅಂತ ಗೊತ್ತಿಲ್ಲ. ಸಾರೆಕ್‌ಗೆ ದನಿ ಕೊಟ್ಟಿದ್ದು ಮೂಲ ಸೀರೀಸ್‌ನ ಮಾರ್ಕ್ ಲೆನರ್ಡ್ ಅವರೇ. ಇದೆಲ್ಲ ಇಪ್ಪತ್ನಾಲ್ಕು ನಿಮಿಷದೊಳಗೆ, ಆತುರ ಒಂಚೂರೂ ಕಾಣಲ್ಲ.

ಎಲ್ಲಾ ಎಪಿಸೋಡೂ ಹೀಗೇ ಇದೆ ಅಂತ ಹೇಳಲ್ಲ. ಮಡ್ಸ್ ಪ್ಯಾಷನ್ ಅನ್ನೋದರಲ್ಲಿ ಪ್ರೀತಿ ಹುಟ್ಟಿಸೋ ಔಷಧಿ ಕಥೆ, ನನಗೆ ಹಿಡಿಸ್ಲಿಲ್ಲ, ಚಾಪೆಲ್ ಪಾತ್ರನ ಅಷ್ಟು ಅಗ್ಗ ಮಾಡಬಾರ್ದಿತ್ತು. ಕೊನೇ ಎಪಿಸೋಡ್ ದಿ ಕೌಂಟರ್-ಕ್ಲಾಕ್ ಇನ್ಸಿಡೆಂಟ್‌ನಲ್ಲಿ ಬೆಳ್ಳಗಿನ ಆಕಾಶದಲ್ಲಿ ಕಪ್ಪು ನಕ್ಷತ್ರಗಳು, ನೋಡೋಕೆ ಅದ್ಭುತ, ಆದ್ರೆ ಎಲ್ಲರೂ ಚಿಕ್ಕ ಮಕ್ಕಳಾಗೋ ಲೆಕ್ಕ ಎಷ್ಟು ಯೋಚಿಸಿದ್ರೂ ಕೂಡಿಬರಲ್ಲ. ಆದ್ರೂ ಎಂಟರ್‌ಪ್ರೈಸ್‌ನ ಮೊದಲ ಕ್ಯಾಪ್ಟನ್ ರಾಬರ್ಟ್ ಏಪ್ರಿಲ್ ಬರೋದು ಅದರಲ್ಲೇ, ಅದಕ್ಕೋಸ್ಕರ ನೋಡ್ಬೇಕು. ಮ್ಯೂಸಿಕ್ ಬಗ್ಗೆ ಹೇಳೋದಾದ್ರೆ ಅದೇ ನಾಲ್ಕಾರು ತುಣುಕು ಸುತ್ತಿ ಸುತ್ತಿ ಬರುತ್ತೆ, ಒಟ್ಟಿಗೆ ಜಾಸ್ತಿ ನೋಡಿದ್ರೆ ತಲೆಯೊಳಗೆ ಕೂತ್ಬಿಡುತ್ತೆ.

ದಿ ಲೊರೆಲಾಯ್ ಸಿಗ್ನಲ್ ಕಥೆಯಾಗಿ ಸುಮಾರು, ಆದ್ರೆ ಅದರಲ್ಲೊಂದು ಕ್ಷಣ ಇದೆ. ಗಂಡಸರೆಲ್ಲ ಒಂದು ಸಿಗ್ನಲ್‌ಗೆ ಮರುಳಾಗಿ ಬುದ್ಧಿ ಕಳ್ಕೊಂಡಿರ್ತಾರೆ, ಉಹೂರಾ ಎದ್ದು ನಿಂತು ಹಡಗಿನ ಅಧಿಕಾರ ನಾನು ತಗೊಳ್ತಿದೀನಿ ಅಂತಾಳೆ. ಮೂಲ ಸೀರೀಸ್‌ನ ಮೂರು ಸೀಸನ್‌ನಲ್ಲಿ ಅವಳಿಗೆ ಸಿಗದ ಮಾತು ಅದು. ನಿಕೋಲ್ಸ್ ಅದನ್ನ ಕೂಗಿ ಹೇಳಲ್ಲ, ಯಾವತ್ತೋ ರೆಡಿಯಾಗಿದ್ದೋಳ ಥರ ಸಲೀಸಾಗಿ ಹೇಳ್ತಾರೆ, ಹೆಂಗಸರದ್ದೇ ಒಂದು ತಂಡ ಕಟ್ಕೊಂಡು ಕೆಳಗಿಳಿದು ಗಂಡಸರನ್ನ ಬಿಡಿಸ್ಕೊಂಡು ಬರ್ತಾಳೆ. ನಿಮಾಯ್ ಹಠ ಹಿಡೀದೇ ಇದ್ದಿದ್ರೆ ಈ ಮಾತು ಅವರ ಬಾಯಲ್ಲಿ ಬರ್ತಾನೇ ಇರ್ಲಿಲ್ಲ ಅಂತ ಯೋಚಿಸಿ.

ದಿ ಸರ್ವೈವರ್ ಕೂಡ ಬಿಡಬಾರ್ದು. ರೂಪ ಬದಲಾಯಿಸೋ ಒಂದು ಜೀವಿ ಸತ್ತುಹೋದ ಒಬ್ಬ ಒಳ್ಳೆ ಮನುಷ್ಯನ ವೇಷದಲ್ಲಿ ಹಡಗಿಗೆ ಬರುತ್ತೆ, ಶತ್ರುಗಳ ಗೂಢಚಾರ ಅದು, ಆದ್ರೆ ಆ ಸತ್ತವನನ್ನ ಕೊನೆಗಾಲದಲ್ಲಿ ಆರೈಕೆ ಮಾಡಿದ್ದೂ ಅದೇ, ಅವನ ರೂಪದ ಜೊತೆ ಅವನ ಪ್ರೀತಿನೂ ಅದರೊಳಗೆ ಇಳಿದುಬಿಟ್ಟಿರುತ್ತೆ. ಅವನನ್ನ ಮದುವೆ ಆಗ್ಬೇಕಿದ್ದ ಹುಡುಗಿ ಅದೇ ಹಡಗಲ್ಲಿದಾಳೆ. ಇದು ದೊಡ್ಡವರಿಗೂ ಕಷ್ಟದ ವಿಷಯ, ಮಕ್ಕಳ ಮುಂದೆ ಹಾಗೇ ಇಟ್ಟಿದಾರೆ.

ದಿ ಪ್ರಾಕ್ಟಿಕಲ್ ಜೋಕರ್‌ನಲ್ಲಿ ಒಂದು ಮನರಂಜನೆ ಕೋಣೆ ಬರುತ್ತೆ, ಒಳಗೆ ಹೋದ್ರೆ ಕಡಲ ತೀರ, ಕಾಡು, ಹಿಮ ಏನು ಬೇಕೋ ಅದು ಸುತ್ತ ಮೂಡುತ್ತೆ, ಮೆಕಾಯ್, ಸುಲು, ಉಹೂರಾ ಮೂವರೂ ಅದರೊಳಗೆ ಸಿಕ್ಕಾಕ್ಕೊಳ್ತಾರೆ. 1974ರಲ್ಲಿ! ಇಂಥಾ ಕೋಣೆ ಹಾಲೋಡೆಕ್ ಅಂತ ಎಲ್ಲರಿಗೂ ಗೊತ್ತಾಗಿದ್ದು 1987ರಲ್ಲಿ ನೆಕ್ಸ್ಟ್ ಜನರೇಷನ್ ಅನ್ನೋ ಇನ್ನೊಂದು ಸ್ಟಾರ್ ಟ್ರೆಕ್ ಸೀರೀಸ್ ಬಂದ ಮೇಲೆ. ಕರ್ಕ್ ಹೆಸರಿನ ಮಧ್ಯದ ಟೈಬೀರಿಯಸ್ ಕೂಡ ಮೊದಲು ಕೇಳಿಬಂದಿದ್ದು ಈ ಸೀರೀಸ್‌ನ ಬೆಮ್ ಅನ್ನೋ ಎಪಿಸೋಡ್‌ನಲ್ಲಿ.

ಎರಡನೇ ಸೀಸನ್‌ಗೆ ಆರೇ ಎಪಿಸೋಡ್, 1974ರ ಅಕ್ಟೋಬರ್ 12ಕ್ಕೆ ಮುಗೀತು, ಒಟ್ಟು 22. ಮುಂದಿನ ವರ್ಷ ಮಕ್ಕಳ ಸೀರೀಸ್ ವಿಭಾಗದಲ್ಲಿ ಡೇಟೈಮ್ ಎಮ್ಮಿ ಅನ್ನೋ ಅಮೆರಿಕದ ಟಿವಿ ಪ್ರಶಸ್ತಿ ಬಂತು, ಸ್ಟಾರ್ ಟ್ರೆಕ್ ಗೆದ್ದ ಮೊದಲ ಎಮ್ಮಿ ಅದೇ, ಮೂಲ ಸೀರೀಸ್‌ಗೂ ಸಿಕ್ಕಿರ್ಲಿಲ್ಲ. ಅಷ್ಟಾದ್ರೂ ಎಂಬತ್ತರ ದಶಕದ ಕೊನೆಗೆ ಇದನ್ನ ಅಧಿಕೃತ ಕಥೆಯ ಲೆಕ್ಕದಿಂದಲೇ ಹೊರಗಿಟ್ರು, ಸುಮಾರು ವರ್ಷ ಹಾಗೇ ಇತ್ತು. ನನಗೆ ಅದರ ಬಗ್ಗೆ ಇನ್ನೂ ಕೋಪ ಇದೆ. 2020ರಿಂದ 2024ರವರೆಗೆ ಬಂದ ಲೋವರ್ ಡೆಕ್ಸ್ ಅನ್ನೋ ಸ್ಟಾರ್ ಟ್ರೆಕ್ ಕಾರ್ಟೂನ್ ಮಾಡಿದೋರು ಮಾತ್ರ ಪ್ರೀತಿಯಿಂದ ನೆನಪಿಟ್ಕೊಂಡಿದಾರೆ, ಅದರ ಡಾಕ್ಟರ್ ಎಂರೆಸ್ ಕುಲದೋಳೇ, ಆ ದೈತ್ಯ ಸ್ಪಾಕ್‌ನ ಅಸ್ಥಿಪಂಜರ ಕೂಡ ಒಂದು ಕಡೆ ಕಾಣಿಸುತ್ತೆ, ನೋಡಿದಾಗ ಕೂಗಿಬಿಟ್ಟೆ.

ಹೊಸದಾಗಿ ನೋಡೋರು ದಯವಿಟ್ಟು ಒಂದೇ ದಿನ ನಾಲ್ಕೈದು ಹಾಕ್ಕೊಂಡು ಕೂರಬೇಡಿ. ಇದು ವಾರಕ್ಕೊಂದು ನೋಡೋಕೆ ಮಾಡಿದ್ದು, ಒಟ್ಟಿಗೆ ನೋಡಿದ್ರೆ ಅದದೇ ಶಾಟ್, ಅದದೇ ಮ್ಯೂಸಿಕ್ ಕಣ್ಣಿಗೆ ಕಿವಿಗೆ ಹೊಡೆಯುತ್ತೆ, ಬಿಡುವು ಕೊಟ್ಟು ನೋಡಿದ್ರೆ ಕಥೆ ಮನಸ್ಸಲ್ಲಿ ಕೂರುತ್ತೆ. ಮೊದಲೆರಡು ಪ್ರಸಾರ ಆದ ಕ್ರಮದಲ್ಲೇ ನೋಡಿ, ಆಮೇಲೆ ದಿ ಸರ್ವೈವರ್, ಆಮೇಲೆ ನಿವೆನ್ ಬರೆದ ದಿ ಸ್ಲೇವರ್ ವೆಪನ್. ಅದರಲ್ಲಿ ಕರ್ಕ್ ಇರೋದೇ ಇಲ್ಲ, ಸ್ಪಾಕ್, ಉಹೂರಾ, ಸುಲು ಮೂರೇ ಜನ, ಎದುರಿಗೆ ಗುಲಾಬಿ ಬಟ್ಟೆ ತೊಟ್ಟ ಹುಲಿಮುಖದ ಕ್ಜಿನ್‌ಗಳು, ಬಟ್ಟೆ ಬಣ್ಣ ನೋಡಿ ಕಡೆಗಣಿಸ್ಬೇಡಿ, ಅವರ ಜೊತೆ ಬುದ್ಧಿಯಿಂದ ಆಡೋ ಆಟ ಇದೆಯಲ್ಲ, ಅದು ಸಕ್ಕತ್ತಾಗಿದೆ. ಮಕ್ಕಳ ಜೊತೆ ಯೆಸ್ಟರ್‌ಇಯರ್ ನೋಡೋದಾದ್ರೆ ಅವರನ್ನ ಟಿವಿ ಮುಂದೆ ಬಿಟ್ಟು ಎದ್ದು ಹೋಗ್ಬೇಡಿ, ಆ ವೈದ್ಯ ಬರೋ ಹೊತ್ತಿಗೆ ಪಕ್ಕದಲ್ಲೇ ಕೂತಿರಿ, ಖಂಡಿತ ಪ್ರಶ್ನೆ ಕೇಳ್ತಾರೆ.